ಮೊದಲು ಬಿಡುಗಡೆ, ಆಮೇಲೆ ಬೆಸುಗೆ



ಕಳೆದ ತಿಂಗಳು ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಯಲ್ಲಿ ಸಂಧಿ ಪಾಠ ನಡೆಯುತ್ತಿತ್ತು. ಮಳೆ ಮತ್ತು ಕಾಲ ಸೇರಿ ಮಳೆಗಾಲವಾಗುವಾಗ ‘ಕ’ ಹೋಗಿ ಅದರ ಜಾಗಕ್ಕೆ ‘ಗ’ ಬರುತ್ತದೆ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆಯಾಗುವಾಗ ‘ತ’ ಹೋಗಿ ‘ದ’ ಬರುತ್ತದೆ, ಇದಕ್ಕೆ ಆದೇಶ ಸಂಧಿ ಎಂದು ಹೆಸರು ಎಂದು ಮೇಷ್ಟ್ರು ವಿವರಿಸುತ್ತಿದ್ದರು. ಹಿಂದಿನ ಬೆಂಚಿನಲ್ಲಿದ್ದ ಹನ್ನೆರಡನೇ ತರಗತಿಯ ಹುಡುಗಿಯೊಬ್ಬಳು ನನ್ನ ಕಡೆ ಬಾಗಿ, “ಅಂಕಲ್, ಇದು ನಮ್ಮ ಕೆಮಿಸ್ಟ್ರಿಯ ಸಬ್‌ಸ್ಟಿಟ್ಯೂಷನ್ ತರಹವೇ ಇದೆಯಲ್ಲ!” ಎಂದು ಪಿಸುಗುಟ್ಟಿದಳು.

ನನಗೆ ಬಹಳ ಸಂತೋಷವಾಯಿತು. ಅವಳು ಹೇಳಿದ್ದು ಸರಿಯೇ. ಒಂದು ಹೋಗಿ ಅದರ ಸ್ಥಾನಕ್ಕೆ ಇನ್ನೊಂದು ಬರುವ ರಾಸಾಯನಿಕ ಕ್ರಿಯೆಗೆ ನಮ್ಮ ಕನ್ನಡ ವಿಜ್ಞಾನ ಲೇಖಕರು ಆದೇಶ ಕ್ರಿಯೆ ಎಂದೇ ಬರೆಯುವುದುಂಟು. ಆದರೆ ತರಗತಿ ಮುಗಿದ ಮೇಲೆ ಅವಳು ಹೇಳಿದ ಇನ್ನೊಂದು ಮಾತಿನಿಂದ ಸ್ವಲ್ಪ ಬೇಸರವೂ ಆಯಿತು. ಕಾಲೇಜಿನ ಟೆಸ್ಟಿನಲ್ಲಿ ಒಂದು ಪ್ರಶ್ನೆ ಬಂದಿತ್ತಂತೆ. ‘ಎಸ್ಎನ್1’ ಕ್ರಿಯೆಯಲ್ಲಿ ಹೈಡ್ರಾಕ್ಸೈಡಿನ ಪ್ರಮಾಣವನ್ನು ಎರಡು ಪಟ್ಟು ಮಾಡಿದರೆ ವೇಗ ಎಷ್ಟಾಗುತ್ತದೆ? ಇವಳು ಎರಡು ಪಟ್ಟು ಎಂದು ಬರೆದಳು. ತಪ್ಪು ಎಂದು ಕೆಂಪು ಗೀಟು ಬಿತ್ತು. “ವೇಗ ಬದಲಾಗುವುದೇ ಇಲ್ಲವಂತೆ ಅಂಕಲ್! ಕ್ರಿಯೆಯಲ್ಲಿ ಭಾಗವಹಿಸುವವರು ಇಬ್ಬರು, ಲೆಕ್ಕಕ್ಕೆ ಬರುವವರು ಒಬ್ಬರೇ. ಯಾಕೆ ಅಂತ ಕೇಳಿದರೆ ಕೋಷ್ಟಕ ಬಾಯಿಪಾಠ ಮಾಡು ಅನ್ನುತ್ತಾರೆ. ಈ ವಿಷಯವೇ ಬೇಡ ಅನ್ನಿಸಿಬಿಟ್ಟಿದೆ.”

ಕೋಷ್ಟಕ ಬಾಯಿಪಾಠ ಮಾಡಿ ಪಾಸಾದವನು ನಾನೂ ಹೌದು. ಅದರಿಂದ ಒಮ್ಮೆ ಪೇಚಿಗೆ ಸಿಕ್ಕಿಕೊಂಡದ್ದೂ ಉಂಟು. ಆ ಕಥೆ ಮುಂದೆ ಬರುತ್ತದೆ. ಆ ಹುಡುಗಿಗೆ ಅಂದು ಕಾಫಿ ಕುಡಿಯುತ್ತಾ ಹೇಳಿದ್ದನ್ನೇ ಈ ಬಾರಿಯ ಅಂಕಣದಲ್ಲಿ ನಿಮಗೆಲ್ಲ ಹೇಳುತ್ತೇನೆ. ವಿಜ್ಞಾನ ಓದದವರೂ ಪುಟ ತಿರುಗಿಸಬೇಡಿ. ಇದರಲ್ಲಿ ನಿಮ್ಮ ಅಡುಗೆ ಮನೆಯ ಜಿಲೇಬಿ ಪಾಕವೂ ಇದೆ!

ಖೋಲಿ ಖಾಲಿಯಾಗುವ ಲೆಕ್ಕ

ಮುಂಬಯಿಯಲ್ಲಿ ಮನೆ ಸಿಗುವುದು ಎಷ್ಟು ಕಷ್ಟ ಎಂಬುದನ್ನು ನಿಮ್ಮ ಅಪ್ಪ ಅಮ್ಮಂದಿರ ಬಾಯಲ್ಲಿ ಕೇಳಿಯೇ ಇರುತ್ತೀರಿ. ಒಂದು ಚಾಳಿನ ಖೋಲಿಯನ್ನು ಕಲ್ಪಿಸಿಕೊಳ್ಳಿ. ಹಳೆಯ ಬಾಡಿಗೆದಾರ ಬಿಟ್ಟುಹೋಗದೆ ಹೊಸಬ ಬರುವಂತಿಲ್ಲ. ಹಳೆಯವನಿಗೆ ಬಿಡಲು ಮನಸ್ಸಿಲ್ಲ. ಇವತ್ತು ನಾಳೆ ಎನ್ನುತ್ತಾ ಆರು ತಿಂಗಳು ತಳ್ಳುತ್ತಾನೆ. ಅವನು ಹೋದದ್ದೇ ತಡ, ಹೊಸಬ ಅದೇ ದಿನ ಟೆಂಪೊದಲ್ಲಿ ಸಾಮಾನು ತಂದು ಇಳಿಸುತ್ತಾನೆ. ಈಗ ಹೇಳಿ, ಹೊರಗೆ ಕಾಯುತ್ತಿರುವವರು 5 ಮಂದಿಯಾದರೇನು, 50 ಮಂದಿಯಾದರೇನು? ಖೋಲಿ ಕೈ ಬದಲಾಗುವ ದಿನ ಒಂದು ದಿನವೂ ಹಿಂದಕ್ಕೆ ಬರುವುದಿಲ್ಲ. ಆದರೆ ಹಾಗೆ ಬಿಡುವವರಿರುವ ಖೋಲಿಗಳೇ ಎರಡು ಪಟ್ಟಾದರೆ, ವರ್ಷಕ್ಕೆ ಕೈ ಬದಲಾಗುವ ಖೋಲಿಗಳೂ ಎರಡು ಪಟ್ಟಾಗುತ್ತವೆ.

ಇನ್ನೊಂದು ಬಗೆಯೂ ಇದೆ. ಹೊಸಬ ಹಿಂಬಾಗಿಲಿನಿಂದ ಸಾಮಾನು ಒಳಗೆ ತಳ್ಳುತ್ತಿದ್ದಂತೆಯೇ ಹಳೆಯವನು ಮುಂಬಾಗಿಲಿನಿಂದ ಹೊರಬೀಳುತ್ತಾನೆ. ಇಲ್ಲಿ ಇಬ್ಬರೂ ಒಟ್ಟಿಗೆ ಕೆಲಸ ಮಾಡಬೇಕು. ತಳ್ಳುವವರು ಹೆಚ್ಚಾದಷ್ಟೂ ಕೆಲಸ ಬೇಗ.

ಮೊದಲನೆಯದು ಎಸ್ಎನ್1, ಎರಡನೆಯದು ಎಸ್ಎನ್2. ‘ಎಸ್’ ಎಂದರೆ ಸಬ್‌ಸ್ಟಿಟ್ಯೂಷನ್, ಅಂದರೆ ಆದೇಶ. ‘ಎನ್’ ಎಂದರೆ ನ್ಯೂಕ್ಲಿಯೋಫಿಲಿಕ್. ಒಳಬರುವ ಅಣು ಅಥವಾ ಅಯಾನು ತನ್ನಲ್ಲಿರುವ ಎಲೆಕ್ಟ್ರಾನ್ ಜೋಡಿಯನ್ನು ಹಿಡಿದುಕೊಂಡು, ಧನ ವಿದ್ಯುತ್ತಿನ ನ್ಯೂಕ್ಲಿಯಸ್ಸಿನ ಕಡೆಗೆ ಒಲವು ತೋರಿಸುವುದರಿಂದ ಅದಕ್ಕೆ ನ್ಯೂಕ್ಲಿಯೋಫೈಲ್ ಎಂದು ಹೆಸರು. ಕೊನೆಯ ಅಂಕಿ ಮುಖ್ಯವಾದದ್ದು. ಕ್ರಿಯೆಯ ಅತಿ ನಿಧಾನದ ಹಂತದಲ್ಲಿ ಎಷ್ಟು ಅಣುಗಳು ತೊಡಗಿವೆ ಎಂಬುದನ್ನು ಅದು ಹೇಳುತ್ತದೆ. ಒಂದೇ ಆದರೆ ಅದು ಏಕಾಣುಕ, ಎರಡಾದರೆ ದ್ವ್ಯಣುಕ. ಈ ಹೆಸರುಗಳನ್ನೂ ಇದರ ಹಿಂದಿನ ವಿಚಾರವನ್ನೂ 1930ರ ದಶಕದಲ್ಲಿ ಬಳಕೆಗೆ ತಂದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಕ್ರಿಸ್ಟೋಫರ್ ಇಂಗೋಲ್ಡ್ ಮತ್ತು ಎಡ್ವರ್ಡ್ ಹ್ಯೂಸ್.

ಎರಡು ಹಂತದ ಕಥೆ

ಟರ್ಷರಿ ಬ್ಯೂಟೈಲ್ ಬ್ರೋಮೈಡನ್ನು ತೆಗೆದುಕೊಳ್ಳಿ. ನಡುವೆ ಒಂದು ಕಾರ್ಬನ್, ಅದರ ಸುತ್ತ ಮೂರು ಮೀಥೈಲ್ ಗುಂಪುಗಳು, ನಾಲ್ಕನೆಯ ಕೈಯಲ್ಲಿ ಒಂದು ಬ್ರೋಮಿನ್. ಇದನ್ನು ನೀರು ಬೆರೆತ ಆಲ್ಕೊಹಾಲಿನಲ್ಲಿ ಇಟ್ಟರೆ ಮೊದಲ ಹಂತದಲ್ಲಿ ಬ್ರೋಮಿನ್ ತನ್ನ ಬಂಧದ ಎರಡೂ ಎಲೆಕ್ಟ್ರಾನುಗಳನ್ನು ಎತ್ತಿಕೊಂಡು ಬ್ರೋಮೈಡ್ ಅಯಾನಾಗಿ ಹೊರಟುಹೋಗುತ್ತದೆ. ಹಿಂದೆ ಉಳಿಯುವುದು ಧನ ವಿದ್ಯುದಂಶವಿರುವ ಕಾರ್ಬನ್. ಅದರ ಹೆಸರು ಕಾರ್ಬೋಕೆಟಯಾನ್. ಹಳೆಯ ಸಂಬಂಧ ಕಡಿದುಹೋಗಿದೆ, ಹೊಸದು ಇನ್ನೂ ಬಂದಿಲ್ಲ. ತ್ರಿಶಂಕುವಿನ ಸ್ಥಿತಿ! ಈ ಹಂತಕ್ಕೆ ಬಹಳ ಶಕ್ತಿ ಬೇಕು, ಆದ್ದರಿಂದಲೇ ಇದು ನಿಧಾನ. ಎರಡನೆಯ ಹಂತದಲ್ಲಿ ಹತ್ತಿರವಿದ್ದ ನೀರಿನ ಅಣು ಆ ಕಾರ್ಬನ್ನಿಗೆ ಅಂಟಿಕೊಳ್ಳುತ್ತದೆ, ಒಂದು ಪ್ರೋಟಾನನ್ನು ಬಿಟ್ಟುಕೊಡುತ್ತದೆ, ಟರ್ಷರಿ ಬ್ಯೂಟೈಲ್ ಆಲ್ಕೊಹಾಲ್ ಸಿದ್ಧವಾಗುತ್ತದೆ. ಇದು ಕ್ಷಣಾರ್ಧದ ಕೆಲಸವೂ ಅಲ್ಲ. ನೀರಿನಲ್ಲಿ ಆ ಕಾರ್ಬೋಕೆಟಯಾನಿನ ಆಯುಸ್ಸು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಭಾಗದಷ್ಟು ಎಂದು ಅಂದಾಜು.

ಇಡೀ ಕ್ರಿಯೆಯ ವೇಗ ಅದರ ಅತಿ ನಿಧಾನದ ಹಂತದ ವೇಗವೇ. ಆ ಹಂತದಲ್ಲಿ ಇರುವುದು ಬ್ಯೂಟೈಲ್ ಬ್ರೋಮೈಡ್ ಒಂದೇ. ಹೈಡ್ರಾಕ್ಸೈಡ್ ಹೊರಗೆ ಸಾಲಿನಲ್ಲಿ ನಿಂತಿದೆ, ಅಷ್ಟೆ. ಆದ್ದರಿಂದ ಬ್ರೋಮೈಡನ್ನು ಎರಡು ಪಟ್ಟು ಮಾಡಿದರೆ ವೇಗ ಎರಡು ಪಟ್ಟಾಗುತ್ತದೆ. ಹೈಡ್ರಾಕ್ಸೈಡನ್ನು ಎರಡು ಪಟ್ಟು ಮಾಡಿದರೆ ವೇಗ ಇದ್ದಷ್ಟೇ ಇರುತ್ತದೆ. ಟೆಸ್ಟಿನ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲವೇ? ಒಂದು ಎಚ್ಚರಿಕೆ ಮಾತ್ರ. ಹೈಡ್ರಾಕ್ಸೈಡನ್ನು ಬಹಳ ಗಾಢವಾಗಿ ಸುರಿದರೆ ಅದು ಸಾಲಿನಲ್ಲಿ ನಿಲ್ಲದೆ ಪಕ್ಕದ ಮೀಥೈಲಿನ ಪ್ರೋಟಾನನ್ನೇ ಕಿತ್ತುಕೊಂಡು ಬೇರೆಯೇ ಕ್ರಿಯೆಯನ್ನು ಆರಂಭಿಸುತ್ತದೆ. ನಿಯಮ ಹೇಳುವಾಗ ಪರಿಸ್ಥಿತಿಯನ್ನೂ ಹೇಳಬೇಕು.

ಯಾರು ಸುಲಭವಾಗಿ ಬಿಡುತ್ತಾರೆ?

ಬಿಟ್ಟುಹೋಗುವುದೇ ಕಷ್ಟದ ಹಂತ ಎಂದು ಗೊತ್ತಾದ ಮೇಲೆ ಕೋಷ್ಟಕದ ಉಳಿದ ಸಾಲುಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಬಿಡುವುದನ್ನು ಯಾವುದು ಸುಲಭ ಮಾಡುತ್ತದೆಯೋ ಅದು ಕ್ರಿಯೆಯನ್ನು ಬೇಗ ಮಾಡುತ್ತದೆ. ನೀವೇ ಒಂದೊಂದಾಗಿ ಊಹಿಸಬಹುದು.

ಮೊದಲನೆಯದು, ಹಿಂದೆ ಉಳಿಯುವ ಕಾರ್ಬನ್ನಿನ ಧನ ವಿದ್ಯುದಂಶವನ್ನು ಹಂಚಿಕೊಳ್ಳಲು ಸುತ್ತಮುತ್ತ ಯಾರಾದರೂ ಇರಬೇಕು. ಪಕ್ಕದ ಮೀಥೈಲ್ ಗುಂಪುಗಳು ತಮ್ಮ ಎಲೆಕ್ಟ್ರಾನುಗಳನ್ನು ಸ್ವಲ್ಪ ಸ್ವಲ್ಪ ಎರವಲು ಕೊಡುತ್ತವೆ. ಕಷ್ಟ ಬಂದಾಗ ಮೂವರು ನೆಂಟರಿರುವವನಿಗೂ ಒಬ್ಬನೇ ನೆಂಟ ಇರುವವನಿಗೂ ಎಷ್ಟು ವ್ಯತ್ಯಾಸ! ನೀರಿನೊಡನೆ ನಡೆಯುವ ಕ್ರಿಯೆಯಲ್ಲಿ ಈಥೈಲ್ ಬ್ರೋಮೈಡಿನ ವೇಗವನ್ನು 1 ಎಂದು ಇಟ್ಟುಕೊಂಡರೆ ಐಸೊಪ್ರೊಪೈಲ್ ಬ್ರೋಮೈಡಿನದು ಸುಮಾರು 12, ಟರ್ಷರಿ ಬ್ಯೂಟೈಲ್ ಬ್ರೋಮೈಡಿನದು ಸುಮಾರು 12 ಲಕ್ಷ. ಬೆಂಜೀನ್ ಉಂಗುರ ಅಥವಾ ಜೋಡಿ ಬಂಧ ಪಕ್ಕದಲ್ಲಿದ್ದರೂ ಇದೇ ಉಪಕಾರ ಸಿಗುತ್ತದೆ. ಬೆಂಜೈಲ್ ಮತ್ತು ಆಲೈಲ್ ಹ್ಯಾಲೈಡುಗಳು ಪ್ರೈಮರಿ ಆಗಿದ್ದರೂ ಎಸ್ಎನ್1 ದಾರಿ ಹಿಡಿಯಬಲ್ಲವು.

ಎರಡನೆಯದು, ಹೊರಡುವವನು. ಹೊರಬಿದ್ದ ಮೇಲೆ ಋಣ ವಿದ್ಯುದಂಶವನ್ನು ಹೊತ್ತು ನೆಮ್ಮದಿಯಾಗಿ ಇರಬಲ್ಲವನು ಬೇಗ ಹೊರಡುತ್ತಾನೆ. ಅಯೊಡೈಡ್ ಎಲ್ಲರಿಗಿಂತ ಮುಂದೆ, ಆಮೇಲೆ ಬ್ರೋಮೈಡ್, ಆಮೇಲೆ ಕ್ಲೋರೈಡ್. ಫ್ಲೋರೈಡ್ ಕಾರ್ಬನ್ನನ್ನು ಬಿಗಿಯಾಗಿ ಅಪ್ಪಿ ಹಿಡಿದಿರುವುದರಿಂದ ಸಾಮಾನ್ಯವಾಗಿ ಜಾಗ ಬಿಟ್ಟು ಕದಲುವುದಿಲ್ಲ.

ಮೂರನೆಯದು, ಊರು, ಅಂದರೆ ದ್ರಾವಕ. ಒಂದು ಅಣು ಧನ ಮತ್ತು ಋಣ ಎಂದು ಎರಡಾಗಿ ಸೀಳಿಕೊಳ್ಳಬೇಕಾದರೆ ಇಬ್ಬರನ್ನೂ ಸಮಾಧಾನ ಮಾಡುವ ಪರಿಸರ ಬೇಕು. ನೀರಿನ ಅಣುಗಳು ಬ್ರೋಮೈಡನ್ನು ಹೈಡ್ರೋಜನ್ ಬದಿಯಿಂದಲೂ ಕಾರ್ಬೋಕೆಟಯಾನನ್ನು ಆಕ್ಸಿಜನ್ ಬದಿಯಿಂದಲೂ ಸುತ್ತುವರಿಯುತ್ತವೆ. ಟರ್ಷರಿ ಬ್ಯೂಟೈಲ್ ಕ್ಲೋರೈಡಿನ ವೇಗ ಬರೀ ಎಥನಾಲಿನಲ್ಲಿ 1 ಎಂದಾದರೆ, ನೂರಕ್ಕೆ 40 ಪಾಲು ನೀರು ಬೆರೆಸಿದಾಗ ಸುಮಾರು 100, ನೂರಕ್ಕೆ 80 ಪಾಲು ನೀರಾದಾಗ ಸುಮಾರು 14 ಸಾವಿರ, ಬರೀ ನೀರಿನಲ್ಲಿ ಸುಮಾರು 1 ಲಕ್ಷ. ಅದೇ ಅಣು, ಅದೇ ಬಂಧ. ಬದಲಾದದ್ದು ಸುತ್ತಲಿನ ನೆರೆಹೊರೆ ಮಾತ್ರ.

ಚಪ್ಪಟೆಯಾದವನ ಎರಡು ಮುಖ

ಕಾರ್ಬನ್ನಿಗೆ ನಾಲ್ಕು ಕೈಗಳಿದ್ದಾಗ ಅವು ನಾಲ್ಕು ದಿಕ್ಕಿಗೆ ಚಾಚಿರುತ್ತವೆ. ಒಂದು ಕಳಚಿದಾಗ ಉಳಿದ ಮೂರು ಒಂದೇ ಸಮತಲಕ್ಕೆ ಬರುತ್ತವೆ. ಕಾರ್ಬೋಕೆಟಯಾನ್ ಹಪ್ಪಳದಂತೆ ಚಪ್ಪಟೆ. ಹಪ್ಪಳಕ್ಕೆ ಎರಡು ಮುಖ ಇರುವಂತೆ ಇದಕ್ಕೂ ಎರಡು ಮುಖ, ಹೊಸಬ ಯಾವ ಕಡೆಯಿಂದಾದರೂ ಬಂದು ಸೇರಬಹುದು. ಎಡಗೈ ಬಲಗೈಗಳಂತೆ ಕನ್ನಡಿಯ ಪ್ರತಿರೂಪಗಳಿರುವ ಅಣುವೊಂದರ ಎಡಗೈ ರೂಪವನ್ನು ಮಾತ್ರ ತೆಗೆದುಕೊಂಡು ಎಸ್ಎನ್1 ಕ್ರಿಯೆ ನಡೆಸಿದರೆ ಎಡ ಬಲ ಎರಡೂ ಹುಟ್ಟುತ್ತವೆ. ಧ್ರುವೀಕೃತ ಬೆಳಕನ್ನು ತಿರುಗಿಸುತ್ತಿದ್ದ ದ್ರಾವಣ ಆ ಗುಣವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಇದಕ್ಕೆ ರೆಸಿಮೀಕರಣ ಎನ್ನುತ್ತಾರೆ.

‘ಬಹುಮಟ್ಟಿಗೆ’ ಎಂದು ಬರೆದದ್ದು ಬೇಕೆಂದೇ. ಪುಸ್ತಕದಲ್ಲಿ ಸರಿಯಾಗಿ ಅರ್ಧ ಅರ್ಧ ಎಂದಿರುತ್ತದೆ, ಪ್ರಯೋಗದಲ್ಲಿ ಸಾಮಾನ್ಯವಾಗಿ ತಿರುವುಮುರುವಾದ ರೂಪವೇ ತುಸು ಹೆಚ್ಚಾಗಿ ಸಿಗುತ್ತದೆ. ಯಾಕೆ? ಹೊರಟವನು ಒಮ್ಮೆಗೇ ಮಾಯವಾಗುವುದಿಲ್ಲ. ಹೊಸಿಲಿನ ಬಳಿ ಕ್ಷಣಕಾಲ ನಿಂತಿರುತ್ತಾನೆ. ಆ ಬದಿಯ ದಾರಿ ಅಷ್ಟು ಹೊತ್ತು ಅಡ್ಡವಾಗಿರುವುದರಿಂದ ಹೊಸಬ ಎದುರು ಬದಿಯಿಂದ ಬರುವುದು ಹೆಚ್ಚು. ಅಮೆರಿಕದ ಸಾಲ್ ವಿನ್‌ಸ್ಟೀನ್ ಇಂತಹ ಅಯಾನು ಜೋಡಿಗಳ ಬಗ್ಗೆ 1950ರ ದಶಕದಲ್ಲಿ ವಿವರವಾಗಿ ಕೆಲಸ ಮಾಡಿದರು.

ಚಪ್ಪಟೆಯಾಗುವುದು ನಿಜವಾಗಿಯೂ ಅಗತ್ಯವೇ? ಇದನ್ನು ಪರೀಕ್ಷಿಸಿದ ರೀತಿ ಬಹಳ ಸೊಗಸಾಗಿದೆ. 1939ರಲ್ಲಿ ಪಾಲ್ ಬಾರ್ಟ್‌ಲೆಟ್ ಮತ್ತು ಲಾರೆನ್ಸ್ ನಾಕ್ಸ್ ಎಂಬವರು, ಕ್ಲೋರಿನ್ ಹಿಡಿದ ಕಾರ್ಬನ್ ಪಂಜರದಂತಹ ಉಂಗುರಗಳ ಮೂಲೆಯಲ್ಲಿ ಸಿಕ್ಕಿಕೊಂಡಿರುವ ಅಣುವೊಂದನ್ನು ಆರಿಸಿಕೊಂಡರು. ಅದು ಟರ್ಷರಿ ಕ್ಲೋರೈಡೇ, ಕೋಷ್ಟಕದ ಪ್ರಕಾರ ಥಟ್ಟನೆ ಕ್ರಿಯೆಗೆ ಇಳಿಯಬೇಕು. ಆದರೆ ಪಂಜರದ ಬಿಗಿತದಿಂದಾಗಿ ಆ ಕಾರ್ಬನ್ ಚಪ್ಪಟೆಯಾಗಲಾರದು. ಕ್ಷಾರದೊಡನೆ ಗಂಟೆಗಟ್ಟಲೆ ಕುದಿಸಿದರೂ ಕ್ಲೋರಿನ್ ಅಲ್ಲಾಡಲಿಲ್ಲ! ಬಾಯಿಪಾಠದವನು ಇಲ್ಲಿ ಮುಗ್ಗರಿಸುತ್ತಾನೆ, ಕಾರಣ ಬಲ್ಲವನು ಮುಗ್ಗರಿಸುವುದಿಲ್ಲ.

ತ್ರಿಶಂಕು ಸ್ಥಿತಿಯಲ್ಲಿರುವವನು ಸುಮ್ಮನೆ ಇರುತ್ತಾನೆಂಬ ಖಾತರಿಯೂ ಇಲ್ಲ. ಪಕ್ಕದ ಕಾರ್ಬನ್ನಿನಿಂದ ಒಂದು ಹೈಡ್ರೋಜನನ್ನೋ ಮೀಥೈಲನ್ನೋ ಎಳೆದುಕೊಂಡು ಹೆಚ್ಚು ಭದ್ರವಾದ ರೂಪ ತಾಳಬಹುದು. ನಿಯೊಪೆಂಟೈಲ್ ಬ್ರೋಮೈಡ್ ಹೀಗೆ ಕ್ರಿಯೆಗೆ ಇಳಿದಾಗ ಒಂದು ಮೀಥೈಲ್ ಪಕ್ಕಕ್ಕೆ ಜರುಗಿ, ಕೊನೆಗೆ ಸಿಗುವ ಆಲ್ಕೊಹಾಲಿನ ಅಸ್ಥಿಪಂಜರವೇ ಬೇರೆಯಾಗಿರುತ್ತದೆ. ಅಥವಾ ಒಂದು ಪ್ರೋಟಾನನ್ನು ಕಳೆದುಕೊಂಡು ಜೋಡಿ ಬಂಧದ ಆಲ್ಕೀನ್ ಆಗಿಬಿಡಬಹುದು. ಟರ್ಷರಿ ಬ್ಯೂಟೈಲಿನ ಕ್ರಿಯೆಯಲ್ಲಿ ಆಲ್ಕೊಹಾಲಿನ ಜೊತೆಗೆ ಒಂದಷ್ಟು ಐಸೊಬ್ಯೂಟೀನ್ ಅನಿಲವೂ ಹುಟ್ಟುವುದು ಇದರಿಂದಲೇ.

ಕಂಡವರು ಯಾರು?

ಈಗ ನನ್ನ ಪೇಚಿನ ಪ್ರಸಂಗ. ಬಿ.ಎಸ್ಸಿ. ಪ್ರಾಯೋಗಿಕ ಪರೀಕ್ಷೆಯ ಮೌಖಿಕದಲ್ಲಿ ಹಿರಿಯ ಪರೀಕ್ಷಕರೊಬ್ಬರು ಎಸ್ಎನ್1 ಬಗ್ಗೆ ಕೇಳಿದರು. ನಾನು ಗಿಣಿಯಂತೆ ಒಪ್ಪಿಸಿದೆ: “ವೇಗ ಹ್ಯಾಲೈಡನ್ನು ಮಾತ್ರ ಅವಲಂಬಿಸಿದೆ, ನೀರನ್ನು ಅವಲಂಬಿಸಿಲ್ಲ.” ಅವರು ಕನ್ನಡಕ ತೆಗೆದು, “ನೀರೇ ದ್ರಾವಕ. ಬೇಕಾದಷ್ಟು ಇದೆ. ಕ್ರಿಯೆ ಮುಗಿಯುವಷ್ಟರಲ್ಲಿ ಅದರ ಪ್ರಮಾಣ ಬದಲಾಗುವುದೇ ಇಲ್ಲ. ಬದಲಾಗದ್ದರ ಮೇಲೆ ವೇಗ ಅವಲಂಬಿಸಿಲ್ಲ ಅಂತ ನೀನು ಹೇಗೆ ಕಂಡುಹಿಡಿದೆ?” ಎಂದು ಕೇಳಿದರು. ನನ್ನ ನಾಲಗೆ ಒಣಗಿತು. ಉತ್ತರ ಪುಸ್ತಕದಲ್ಲಿತ್ತು, ತಲೆಯಲ್ಲಿರಲಿಲ್ಲ.

ಅವರ ಪ್ರಶ್ನೆ ನ್ಯಾಯವಾದದ್ದು. ನೀರು ಧಾರಾಳವಾಗಿರುವಾಗ ದ್ವ್ಯಣುಕ ಕ್ರಿಯೆಯೂ ಏಕಾಣುಕದ ವೇಷ ಹಾಕಿಕೊಂಡು ಕಾಣಿಸಿಕೊಳ್ಳುತ್ತದೆ. ಅಳೆದ ವೇಗದ ದರ್ಜೆ ಬೇರೆ, ಅಣುಗಳ ನಿಜವಾದ ನಡವಳಿಕೆ ಬೇರೆ. ಹಾಗಾದರೆ ಇಂಗೋಲ್ಡ್, ಹ್ಯೂಸ್ ಮತ್ತು ಅವರ ಜೊತೆಗಾರರು ಸತ್ಯವನ್ನು ಹೇಗೆ ಹಿಡಿದರು? ಅವರು ಒಂದಲ್ಲ, ಹಲವು ಸಾಕ್ಷಿಗಳನ್ನು ಕಟಕಟೆಗೆ ತಂದರು. ಅವುಗಳಲ್ಲಿ ಎರಡನ್ನು ಹೇಳುತ್ತೇನೆ.

ಎರಡು ಬೆಂಜೀನ್ ಉಂಗುರಗಳಿರುವ ಡೈಫಿನೈಲ್‌ಮೀಥೈಲ್ ಕ್ಲೋರೈಡ್, ನೀರು ಬೆರೆತ ಅಸಿಟೋನಿನಲ್ಲಿ ಆಲ್ಕೊಹಾಲಾಗುತ್ತದೆ. ಇದಕ್ಕೆ ಅಜೈಡ್ ಎಂಬ ಬಲವಾದ ನ್ಯೂಕ್ಲಿಯೋಫೈಲನ್ನು ಸೇರಿಸಿದರು. ಯಾವುದೇ ಉಪ್ಪು ಬಿದ್ದಾಗ ಆಗುವ ಸಣ್ಣ ಏರಿಕೆಯನ್ನು ಬಿಟ್ಟರೆ ಕ್ಲೋರೈಡ್ ಹೊರಬೀಳುವ ವೇಗ ಹಾಗೆಯೇ ಉಳಿಯಿತು. ಆದರೆ ಕೊನೆಯಲ್ಲಿ ದೊರೆತ ವಸ್ತುವಿನಲ್ಲಿ ಅಜೈಡ್ ದೊಡ್ಡ ಪಾಲನ್ನು ತಿಂದಿತ್ತು! ಅಂದರೆ ಕ್ರಿಯೆ ‘ಯಾವಾಗ’ ಎಂಬುದನ್ನು ನಿರ್ಧರಿಸುವಲ್ಲಿ ಅಜೈಡಿಗೆ ಮಾತಿಲ್ಲ, ‘ಯಾರೊಡನೆ’ ಎಂಬುದನ್ನು ನಿರ್ಧರಿಸುವಲ್ಲಿ ಮಾತಿದೆ. ಎರಡು ಬೇರೆ ಬೇರೆ ಹಂತಗಳಿಲ್ಲದೆ ಹೀಗಾಗುವುದು ಹೇಗೆ?

ಎರಡನೆಯ ಸಾಕ್ಷಿ ಇನ್ನೂ ಚೆಂದ. ಅದೇ ದ್ರಾವಣಕ್ಕೆ ಬೇರೆ ಉಪ್ಪಿನ ಬದಲು ಕ್ಲೋರೈಡನ್ನೇ ಸೇರಿಸಿದರೆ ಕ್ರಿಯೆ ನಿಧಾನವಾಗುತ್ತದೆ. ಬ್ರೋಮೈಡ್ ಸೇರಿಸಿದರೆ ಹಾಗಾಗುವುದಿಲ್ಲ. ಕಾರಣ ಸರಳ. ಬಿಟ್ಟುಹೋದ ಕ್ಲೋರೈಡಿನ ಬಂಧುಗಳು ಸುತ್ತ ತುಂಬಿರುವಾಗ, ತ್ರಿಶಂಕುವಾಗಿ ನಿಂತ ಕಾರ್ಬೋಕೆಟಯಾನನ್ನು ಅವರಲ್ಲೊಬ್ಬ ಹಿಡಿದು ಹಳೆಯ ಸ್ಥಿತಿಗೇ ಎಳೆದುಕೊಂಡು ಹೋಗುತ್ತಾನೆ. ನೀರು ಸೇರುವ ಮೊದಲು ನಡುವೆ ಯಾರೋ ಒಬ್ಬರು ಒಂಟಿಯಾಗಿ ನಿಂತಿದ್ದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕೇ? ಟರ್ಷರಿ ಬ್ಯೂಟೈಲಿನಲ್ಲಿ ಈ ಪರಿಣಾಮ ಕಾಣುವುದಿಲ್ಲ, ಏಕೆಂದರೆ ಅಲ್ಲಿ ಕಾರ್ಬೋಕೆಟಯಾನ್ ಹಿಂತಿರುಗಿ ನೋಡುವಷ್ಟು ಹೊತ್ತೂ ಬದುಕುವುದಿಲ್ಲ.

ಕಣ್ಣಿಗೆ ಕಾಣದ, ಕೈಗೆ ಸಿಗದ ಒಂದು ವಸ್ತುವನ್ನು ಗಡಿಯಾರ ಮತ್ತು ತಕ್ಕಡಿ ಹಿಡಿದು ಕುಳಿತವರು ಹೀಗೆ ಪತ್ತೆ ಮಾಡಿದರು. ಮುಂದೆ 1960ರ ದಶಕದ ಆರಂಭದಲ್ಲಿ ಜಾರ್ಜ್ ಓಲಾ, ಎಲೆಕ್ಟ್ರಾನ್ ಕೊಡಬಲ್ಲವರು ಯಾರೂ ಇಲ್ಲದ ಅತಿ ಪ್ರಬಲ ಆಮ್ಲದ ದ್ರಾವಣದಲ್ಲಿ ಟರ್ಷರಿ ಬ್ಯೂಟೈಲ್ ಕೆಟಯಾನನ್ನು ಉಳಿಸಿಕೊಂಡು ಉಪಕರಣದಲ್ಲಿ ನೋಡಿಯೇಬಿಟ್ಟರು. ಅವರಿಗೆ 1994ರ ನೊಬೆಲ್ ಬಹುಮಾನ ಬಂತು. ದಾರಿ ತೋರಿಸಿದ ಇಂಗೋಲ್ಡ್ ಅವರಿಗೆ ನೊಬೆಲ್ ಬರಲೇ ಇಲ್ಲ. ಅವರು 1970ರಲ್ಲಿ ತೀರಿಕೊಂಡರು.

ಅಮ್ಮನ ಪಾಕದಲ್ಲಿ ಎಸ್ಎನ್1

ಜಿಲೇಬಿಗೋ ಜಹಾಂಗೀರಿಗೋ ಸಕ್ಕರೆ ಪಾಕ ಇಡುವಾಗ ಅಮ್ಮ ಅದಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡುವುದನ್ನು ನೋಡಿದ್ದೀರಾ? ಕೇಳಿದರೆ “ಪಾಕ ಹರಳುಗಟ್ಟಬಾರದು ಅಂತ” ಎನ್ನುತ್ತಾರೆ. ಸರಿಯಾದ ಉತ್ತರವೇ. ಸಕ್ಕರೆಯ ಅಣುವಿನಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಒಂದು ಆಕ್ಸಿಜನ್ ಸೇತುವೆಯಿಂದ ಕೂಡಿಕೊಂಡಿವೆ. ನಿಂಬೆಯ ಆಮ್ಲ ಆ ಆಕ್ಸಿಜನ್ನಿಗೆ ಒಂದು ಪ್ರೋಟಾನನ್ನು ಕೊಡುತ್ತದೆ. ಬಿಡಲು ಮನಸ್ಸಿಲ್ಲದವನ ಕೈಗೆ ಟಿಕೆಟ್ ಕೊಟ್ಟ ಹಾಗೆ! ಆಮೇಲೆ ಸೇತುವೆ ತಾನಾಗಿ ಮುರಿಯುತ್ತದೆ. ಪಕ್ಕದ ಆಕ್ಸಿಜನ್ನಿನ ಆಸರೆಯಲ್ಲಿ ಒಂದು ಕಾರ್ಬೋಕೆಟಯಾನ್ ಕ್ಷಣಕಾಲ ನಿಲ್ಲುತ್ತದೆ. ಕೊನೆಗೆ ನೀರು ಬಂದು ಸೇರುತ್ತದೆ. ಎಸ್ಎನ್1ರ ಮಾದರಿಯೇ ಇದು. ಸಕ್ಕರೆಯ ನಡುವೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಬೆರೆತಿರುವುದರಿಂದ ಹರಳುಗಳು ಸಾಲಾಗಿ ಜೋಡಿಸಿಕೊಳ್ಳಲಾರವು, ಪಾಕ ನುಣುಪಾಗಿ ಉಳಿಯುತ್ತದೆ.

ರಸಾಯನಶಾಸ್ತ್ರದ ಚರಿತ್ರೆಯಲ್ಲಿ ಈ ಪಾಕಕ್ಕೆ ಒಂದು ಗೌರವದ ಸ್ಥಾನವಿದೆ. 1850ರಲ್ಲಿ ಜರ್ಮನಿಯ ಲುಡ್ವಿಗ್ ವಿಲ್‌ಹೆಲ್ಮಿ ಎಂಬವರು ಆಮ್ಲದಲ್ಲಿ ಸಕ್ಕರೆ ಒಡೆಯುವ ವೇಗವನ್ನು ಅಳೆದು, ಯಾವುದೇ ಕ್ಷಣದಲ್ಲಿ ವೇಗವು ಉಳಿದಿರುವ ಸಕ್ಕರೆಯ ಪ್ರಮಾಣಕ್ಕೆ ಅನುಗುಣವಾಗಿರುತ್ತದೆ ಎಂದು ತೋರಿಸಿದರು. ಕ್ರಿಯೆಯ ವೇಗವನ್ನು ಗಣಿತದ ಸೂತ್ರದಲ್ಲಿ ಹಿಡಿದ ಮೊದಲಿಗರಲ್ಲಿ ಅವರೊಬ್ಬರು. ಅಳತೆಗೆ ಅವರು ಬಳಸಿದ್ದು ಬೆಳಕನ್ನು. ಸಕ್ಕರೆಯ ದ್ರಾವಣ ಧ್ರುವೀಕೃತ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ, ಅದರ ವಿಶಿಷ್ಟ ಭ್ರಮಣ ಸುಮಾರು ಧನ 66.5 ಡಿಗ್ರಿ. ಪೂರ್ತಿ ಒಡೆದ ಮೇಲೆ ಅದು ಎಡಕ್ಕೆ ಹೊರಳಿ ಸುಮಾರು ಋಣ 20 ಡಿಗ್ರಿಯಾಗುತ್ತದೆ. ಹೀಗೆ ದಿಕ್ಕು ತಲೆಕೆಳಗಾಗುವುದರಿಂದಲೇ ಆ ಮಿಶ್ರಣಕ್ಕೆ ಇನ್ವರ್ಟ್ ಷುಗರ್ ಎಂಬ ಹೆಸರು. ಹಾಂ, ನಮ್ಮ ಪರೀಕ್ಷಕರು ಇಲ್ಲಿದ್ದಿದ್ದರೆ “ನೀರು ಧಾರಾಳವಾಗಿದೆಯಲ್ಲ, ಬರೀ ವೇಗದಿಂದ ಏಕಾಣುಕ ಎಂದು ಹೇಳಬಹುದೇ?” ಎಂದು ಕೇಳುತ್ತಿದ್ದರು. ಹೇಳಲಾಗದು. ಅದನ್ನು ತಿಳಿಯಲು ವಿಲ್‌ಹೆಲ್ಮಿಯ ನಂತರ ಬೇರೆ ಸಾಕ್ಷಿಗಳು ಬೇಕಾದವು.

ನಿಂಬೆರಸ ಮಾಡಿದ ಕೆಲಸವನ್ನೇ ನಿಮ್ಮ ಪ್ರಯೋಗಾಲಯದ ಲೂಕಾಸ್ ಪರೀಕ್ಷೆಯಲ್ಲಿ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಜಿಂಕ್ ಕ್ಲೋರೈಡ್ ಮಾಡುತ್ತವೆ. ಆಲ್ಕೊಹಾಲಿನ ಒಎಚ್ ಗುಂಪು ತಾನಾಗಿ ಹೊರಡುವುದಿಲ್ಲ. ಇವು ಅದನ್ನು ಹೊರಡಿಸುತ್ತವೆ. ಟರ್ಷರಿ ಆಲ್ಕೊಹಾಲ್ ಹಾಕಿದ ತಕ್ಷಣ ನಳಿಕೆ ಮಸುಕಾಗುತ್ತದೆ. ಸೆಕೆಂಡರಿಗೆ ಸುಮಾರು 5 ನಿಮಿಷ ಕಾಯಬೇಕು. ಸಾಧಾರಣ ಪ್ರೈಮರಿ ಕೋಣೆಯ ಉಷ್ಣತೆಯಲ್ಲಿ ತಿಳಿಯಾಗಿಯೇ ಇರುತ್ತದೆ. ಮುಂದಿನ ಸಲ ನಳಿಕೆ ಹಿಡಿದು ನಿಂತಾಗ ಜರ್ನಲ್ ಪುಸ್ತಕದಲ್ಲಿ ‘ಟರ್ಬಿಡಿಟಿ’ ಎಂದು ಗೀಚಿ ಮುಗಿಸಬೇಡಿ. ಆ ಮಸುಕಿನಲ್ಲಿ ನೀವು ನೋಡುತ್ತಿರುವುದು ಬಿಟ್ಟುಹೋಗುವುದು ಯಾರಿಗೆ ಸುಲಭ, ಯಾರಿಗೆ ಕಷ್ಟ ಎಂಬುದನ್ನೇ.

ಕೊನೆಯ ಮಾತು

ಇಷ್ಟೆಲ್ಲ ಕೇಳಿದ ಮೇಲೆ ಆ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಅಂಕಲ್, ನಮ್ಮ ಅಜ್ಜ ಹೇಳುತ್ತಿದ್ದರು, ಮುಂಬಯಿಗೆ ಬಂದು ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದ್ದು ಒಂದೇ ದಿನದಲ್ಲಿ, ಊರು ಬಿಟ್ಟು ಹೊರಡಲು ಮನಸ್ಸು ಮಾಡಿದ್ದು ಎರಡು ವರ್ಷ ಅಂತ” ಎಂದಳು. ನಾನು ನಕ್ಕೆ. ಅಣುಗಳಿಗೆ ಮನಸ್ಸಿಲ್ಲ, ಅಜ್ಜನಿಗೆ ಇತ್ತು. ಹೋಲಿಕೆಯನ್ನು ಬಹಳ ಎಳೆಯಬಾರದು. ಆದರೂ ಅವಳಿಗೆ ವಿಷಯ ಅರ್ಥವಾಗಿತ್ತು. ಅಂದಹಾಗೆ ಜಾರ್ಜ್ ಓಲಾ ಕೂಡ ಊರು ಬಿಟ್ಟವರೇ. ಬುಡಾಪೆಸ್ಟಿನಲ್ಲಿ ಹುಟ್ಟಿದ ಅವರು 1956ರ ಹಂಗೇರಿಯ ದಂಗೆಯ ನಂತರ ಸಂಸಾರ ಸಮೇತ ದೇಶ ಬಿಟ್ಟು ಕೆನಡಾಕ್ಕೂ ಅಲ್ಲಿಂದ ಅಮೆರಿಕಕ್ಕೂ ಹೋದರು.

ಮಿತ್ರರೇ, ಕೋಷ್ಟಕವನ್ನು ಓದಬೇಡಿ ಎಂದು ನಾನು ಹೇಳುವುದಿಲ್ಲ. ಪರೀಕ್ಷೆಯ ಕಷ್ಟ ನನಗೂ ಗೊತ್ತು. ಆದರೆ ಪ್ರತಿ ಸಾಲಿನ ಮುಂದೆ ‘ನಿಧಾನದ ಹಂತ ಯಾವುದು? ಅದರಲ್ಲಿ ಇರುವವರು ಯಾರು?’ ಎಂದು ಒಮ್ಮೆ ಕೇಳಿಕೊಳ್ಳಿ. ಟರ್ಷರಿ ಏಕೆ ಮುಂದು, ನೀರು ಏಕೆ ಬೇಕು, ಅಯೊಡೈಡ್ ಏಕೆ ಬೇಗ ಹೊರಡುತ್ತದೆ ಎಂಬ ಸಾಲುಗಳೆಲ್ಲ ಒಂದೇ ಉತ್ತರದಿಂದ ಬಿಚ್ಚಿಕೊಳ್ಳುತ್ತವೆ. ಕಾರಣ ಗೊತ್ತಿದ್ದವನಿಗೆ ಮೌಖಿಕ ಪರೀಕ್ಷೆಯಲ್ಲಿ ನಾಲಗೆ ಒಣಗುವುದಿಲ್ಲ, ಇದು ಅನುಭವದ ಮಾತು.

ಎಂದಿನಂತೆ ಒಂದು ಪ್ರಶ್ನೆ. ಎರಡು ಸೀಸೆಗಳಲ್ಲಿ ಒಂದೇ ಪ್ರಮಾಣದ ನೀರು ಬೆರೆತ ಎಥನಾಲ್ ಇದೆ. ಒಂದಕ್ಕೆ ಟರ್ಷರಿ ಬ್ಯೂಟೈಲ್ ಕ್ಲೋರೈಡ್, ಇನ್ನೊಂದಕ್ಕೆ ಟರ್ಷರಿ ಬ್ಯೂಟೈಲ್ ಬ್ರೋಮೈಡ್ ಹಾಕಿದ್ದೇವೆ. ಬ್ರೋಮೈಡಿನ ಸೀಸೆಯಲ್ಲಿ ಕ್ರಿಯೆ ಎಷ್ಟೋ ಪಾಲು ಬೇಗ ಮುಗಿಯುತ್ತದೆ. ಆದರೂ ಕೊನೆಯಲ್ಲಿ ಎರಡರಲ್ಲೂ ಸಿಗುವ ಆಲ್ಕೊಹಾಲ್, ಈಥರ್ ಮತ್ತು ಆಲ್ಕೀನುಗಳ ಪಾಲು ಹೆಚ್ಚು ಕಡಿಮೆ ಒಂದೇ. ವೇಗ ಬೇರೆ, ಫಲ ಒಂದೇ. ಯಾಕೆ? ಉತ್ತರದ ಸುಳಿವು ಈ ಲೇಖನದಲ್ಲೇ ಇದೆ. ನಾಲ್ಕೇ ಸಾಲಿನಲ್ಲಿ, ಕನ್ನಡದಲ್ಲಿ ಬರೆದು ಸಂಪಾದಕರಿಗೆ ಕಳುಹಿಸಿ. ಕಾಗುಣಿತ ತಪ್ಪಿದರೆ ಅಂಕ ಕಳೆಯುವುದಿಲ್ಲ!

ಮುಂದಿನ ಸಂಚಿಕೆಯಲ್ಲಿ ಹಿಂಬಾಗಿಲಿನಿಂದ ನುಗ್ಗುವ ಎಸ್ಎನ್2ರ ಜೊತೆ ಭೇಟಿಯಾಗೋಣ.